ತೌಫೀಕನ ಮನೆಗೆ ಮೂವರು ಸಾಕ್ಷಿಗಳು

ಜೆರುಸಲೇಮ್
ತಿಶ್ರಿ ೭, ೫೭೪೬, ಭಾನುವಾರ ಮಧ್ಯಾಹ್ನ

ಪ್ರೀತಿಯ ಸಾರೀನಾ,

ಕೆಳಗೆ ಸಹಿ ಮಾಡಿರುವ ನಾನು, ನಿವೃತ್ತ ಶಾಲಾಮಾಸ್ತರ, ವಯಸ್ಸು ಅರವತ್ತಮೂರು, ಬುದ್ಧಿ ಸ್ವಸ್ಥವಾಗಿದ್ದು, ಯಾರ ಬಲವಂತಕ್ಕೂ ಒಳಗಾಗದೆ, ನಿನ್ನ ಸಮಕ್ಷಮದಲ್ಲಿ ಈ ಕೆಳಕಂಡ ಅಪರಾಧವನ್ನು ಒಪ್ಪಿಕೊಳ್ಳುತ್ತಿದ್ದೇನೆ: ಕಳೆದ ಬುಧವಾರ, ಗೆದಲ್ಯನ ಉಪವಾಸದ ದಿನ, ಬೆಳಿಗ್ಗೆ ಹನ್ನೊಂದೂಕಾಲಿಗೆ, ಅಡುಗೆಮನೆಯ ಮೇಲಿನ ಹಲಗೆಯಿಂದ ನೀನು ಬಿಟ್ಟುಹೋದ ಜರ್ದಾಳು ಹಣ್ಣಿನ ಮುರಬ್ಬದ ಕೊನೆಯ ಜಾಡಿಯನ್ನು ಇಳಿಸಿ, ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಮೂರು ಚಮಚ ತಿಂದೆ. ಮೊದಲನೆಯದು ಹಸಿವಿಗೆ, ಎರಡನೆಯದು ರುಚಿಗೆ, ಮೂರನೆಯದು ಹೇಗೂ ಉಪವಾಸ ಕೆಟ್ಟಿತಲ್ಲ ಎಂಬ ಸಿದ್ಧಾಂತಕ್ಕೆ. ಗೆದಲ್ಯ ಕೊಲೆಯಾಗಿ ಎರಡೂವರೆ ಸಾವಿರ ವರ್ಷ ದಾಟಿತು; ಅವನು ಬೇಸರ ಮಾಡಿಕೊಂಡಿರಲಾರ. ಬೇಸರವೇನಿದ್ದರೂ ನಿನ್ನದು, ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಏಳು ವರ್ಷದ ಮುರಬ್ಬ, ಮೇಲೆ ಸಕ್ಕರೆ ಗಟ್ಟಿಯಾಗಿತ್ತು, ಒಳಗೆ ಮಾತ್ರ ಏನೂ ಕೆಟ್ಟಿರಲಿಲ್ಲ. ನಮ್ಮ ದಾಂಪತ್ಯವನ್ನೂ ಹೀಗೇ ಬಟ್ಟೆ ಕಟ್ಟಿ ಹಲಗೆಯ ಮೇಲಿಟ್ಟಿದ್ದರೆ ಚೆನ್ನಾಗಿತ್ತು.

ನೀನು ಈಗ ಮುಖ ಗಂಟಿಕ್ಕಿ, ಇವರ ತಮಾಷೆ ಇನ್ನೂ ಮುಗಿದಿಲ್ಲವಲ್ಲ ಎಂದು ಕಾಗದ ಮಡಿಸುವ ಮೊದಲೇ ದೊಡ್ಡ ಸುದ್ದಿ ಹೇಳಿಬಿಡುತ್ತೇನೆ. ನಿನ್ನ ಷರತ್ತು ಈಡೇರಿದೆ. ನನ್ನ ಮತ್ತು ನಿನ್ನ ಅಣ್ಣ ತೌಫೀಕನ ನಡುವಿನ ವಿಷಯ ಗುರುವಾರ ಬೆಳಿಗ್ಗೆ, ಮೂವರು ಸಾಕ್ಷಿಗಳ ಮುಂದೆ, ವಿಧಿವತ್ತಾಗಿ ತೀರಿತು.

ಏಳು ವರ್ಷದ ಹಿಂದೆ, ಇದೇ ವಾರದಲ್ಲಿ, ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತು ನೀನು ಹೇಳಿದ್ದು ನನಗೆ ಬಾಯಿಪಾಠವಾಗಿದೆ. "ನನ್ನ ಅಣ್ಣನ ಮುಂದೆ ನಿಂತ್ಕೊಂಡು, ನೀವು ಮಾಡಿದ್ದೇನು ಅಂತ ಬಾಯಿಬಿಟ್ಟು ಹೇಳಿ, ಅವನ ಬಾಯಿಂದ ಕ್ಷಮಿಸಿದೆ ಅನ್ನಿಸ್ಕೊಳ್ಳಿ. ಅವತ್ತು ಒಂದು ಕಾಗದ ಹಾಕಿ, ಮಾರನೇ ದಿನದ ಬಸ್ಸಿಗೇ ಬರ್ತೀನಿ. ಅಲ್ಲೀವರೆಗೆ ಹೈಫಾದಲ್ಲಿ ಅಕ್ಕನ ಮನೇಲಿರ್ತೀನಿ." ಹಿಂದಿನ ತಿಂಗಳು ನೀನು ಬರೆದ ಎರಡು ಸಾಲಿನ ಕಾಗದವೂ ಮೇಜಿನ ಮೇಲೇ ಇದೆ: ಅಣ್ಣನಿಗೆ ನೆನಪು ಹೋಗುತ್ತಿದೆ ಎಂದು ಅವನ ಮಗಳು ಮಝಾಲ್ ಹೇಳಿದಳು, ಪೂರ್ತಿ ಹೋಗುವ ಮೊದಲು ಹೋಗಿ. ಏಳು ವರ್ಷದಲ್ಲಿ ನೀನು ನನಗೆ ಬರೆದದ್ದು ಅದೊಂದೇ.

ಹೆಸರಿಟ್ಟು ಹೇಳಬೇಕೆಂಬುದು ನಿನ್ನ ಹಟ. ಹೇಳುತ್ತೇನೆ, ನಿನಗೆ ಗೊತ್ತಿದ್ದರೂ.

ಹತ್ತು ವರ್ಷದ ಹಿಂದಿನ ಮಾತು. ಆ ವರ್ಷದ ಪ್ರಾಯಶ್ಚಿತ್ತದ ದಿನ, ಸಂಜೆ, ಸ್ವರ್ಗದ ಬಾಗಿಲು ಮುಚ್ಚುವ ಹೊತ್ತಿನ ಕೊನೆಯ ಪ್ರಾರ್ಥನೆಯನ್ನು ಎಂದಿನಂತೆ ತೌಫೀಕ್ ಭಾವನೇ ಹಾಡುತ್ತಿದ್ದ. ಸಿರಿಯಾದ ಅಲೆಪ್ಪೊದಿಂದ ಬಂದ ನಮ್ಮ ಯಹೂದಿಗಳಲ್ಲಿ ಅವನಂಥ ಕಂಠ ಇನ್ನೊಂದಿರಲಿಲ್ಲ; ಆ ಒಂದು ಗಂಟೆಗಾಗಿ ಬೇರೆ ಬೀದಿಗಳಿಂದಲೂ ಜನ ಬಂದು ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಒಂದು ರಾತ್ರಿ ಒಂದು ಹಗಲು ನೀರು ಕಾಣದ ಗಂಟಲು. ಎತ್ತರದ ಸ್ವರಕ್ಕೆ ಏರುವಾಗ ದನಿ ಒಡೆದು ಆಡಿನ ಕೂಗಾಗಿ ಹೊರಬಂತು. ಎರಡು ಕ್ಷಣ, ಅಷ್ಟೇ. ಅವನು ಸಾವರಿಸಿಕೊಂಡು ಮುಗಿಸಿದ. ಯಾರೂ ಒಂದು ಮಾತಾಡಲಿಲ್ಲ. ಎಲ್ಲರೂ ಮರೆತೂಬಿಟ್ಟರು.

ನಾನು ಮರೆಯಲಿಲ್ಲ. ನಾನು ಹಾಸ್ಯಗಾರ. ಆರು ತಿಂಗಳು ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಪೂರಿಮ್ ಹಬ್ಬ ಬಂತು. ವೇಷ ಹಾಕುವ ಹಬ್ಬ, ಕುಡಿಯುವ ಹಬ್ಬ, ಏನಂದರೂ ನಡೆಯುವ ಹಬ್ಬ. ಉಣ್ಣೆಯ ಗಡ್ಡ ಅಂಟಿಸಿಕೊಂಡು ವೇದಿಕೆ ಹತ್ತಿ, ಒಂದು ಕೈ ಕಿವಿಗಿಟ್ಟು ತೌಫೀಕನ ಹಾಗೇ ಕಣ್ಣು ಮುಚ್ಚಿ, ಅದೇ ಪ್ರಾರ್ಥನೆಯ ಅದೇ ಸಾಲನ್ನು ಅದೇ ರಾಗದಲ್ಲಿ ಏರಿಸಿ ಏರಿಸಿ, ತುದಿಯಲ್ಲಿ "ಮೇ" ಎಂದೆ. ಜನ ಬೆಂಚಿನಿಂದ ಬಿದ್ದು ಬಿದ್ದು ನಕ್ಕರು. ಹೆಂಗಸರ ಕಡೆಯ ಪರದೆ ಕೂಡ ಅಲುಗಾಡಿತು. ನನ್ನ ಜೀವನದಲ್ಲಿ ಅಷ್ಟು ದೊಡ್ಡ ನಗು ನನಗೆ ಮತ್ತೆ ಸಿಕ್ಕಿಲ್ಲ. ತೌಫೀಕನೂ ನಕ್ಕ; ನಾನು ನೋಡಿದೆ. ಹಲ್ಲು ಕಾಣುತ್ತಿತ್ತು, ಮುಖದಲ್ಲಿ ಬಣ್ಣ ಇರಲಿಲ್ಲ. ನಾಲ್ಕು ಜನರ ಮುಂದೆ ಒಬ್ಬನ ಮುಖದ ರಕ್ತ ಇಳಿಸುವುದನ್ನು ನಮ್ಮ ಹಿರಿಯರು ಕೊಲೆಯ ಪಕ್ಕದಲ್ಲೇ ಯಾಕೆ ಇಟ್ಟರೆಂದು ಆಗ ತಿಳಿಯಬೇಕಿತ್ತು. ಆ ಮೇಲೆ ಅವನು ಹಾಡಲಿಲ್ಲ. ಸಭಾಮಂದಿರದಲ್ಲೂ ಇಲ್ಲ, ಮನೆಯಲ್ಲೂ ಇಲ್ಲ, ಮಗಳ ಮದುವೆಯಲ್ಲೂ ಇಲ್ಲ.

ನಾನು ಕ್ಷಮೆ ಕೇಳಲಿಲ್ಲವೆಂದಲ್ಲ. ಕೇಳಿದೆ, ಪ್ರತಿವರ್ಷ ಕೇಳಿದೆ! ದೇವರಿಗೆ ಮಾಡಿದ್ದನ್ನು ದೇವರ ದಿನ ತೊಳೆಯುತ್ತದೆ, ಮನುಷ್ಯನಿಗೆ ಮಾಡಿದ್ದನ್ನು ಆ ಮನುಷ್ಯನೇ ಬಿಡಬೇಕು. ಇದು ನಮ್ಮ ಬೀದಿಯ ಮೂರು ವರ್ಷದ ಕೂಸಿಗೂ ಗೊತ್ತು. ಹಾಗಾಗಿ ಪ್ರಾಯಶ್ಚಿತ್ತದ ಉಪವಾಸದ ಹಿಂದಿನ ದಿನ ನಾನು ಸಭಾಮಂದಿರದ ಮೆಟ್ಟಿಲ ಮೇಲೆ ನಿಂತು, ಬಂದವರಿಗೆಲ್ಲ ಮದುವೆಮನೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸಿದ ಹಾಗೆ ಕ್ಷಮಾಪಣೆ ಚಿಮುಕಿಸುತ್ತಿದ್ದೆ: "ತಿಳಿದೋ ತಿಳಿಯದೆಯೋ ಏನಾದರೂ ನೋಯಿಸಿದ್ದರೆ ಕ್ಷಮಿಸಿ." ತೌಫೀಕ್ ಬಂದಾಗಲೂ ಅದೇ ಪನ್ನೀರು. ಅವನು ನಿಂತು ಕೇಳುತ್ತಿದ್ದ:

"ಯಾವುದಕ್ಕೆ, ನೂರಿ?"

"ಹೀಗೇ ಭಾವ, ಒಟ್ಟಾರೆಯಾಗಿ."

"ಒಟ್ಟಾರೆಗೆ ನನ್ನ ಹತ್ರ ಏನೂ ಇಲ್ಲಪ್ಪ," ಎಂದು ಒಳಗೆ ಹೋಗುತ್ತಿದ್ದ.

ಮೂರು ವರ್ಷ ಹೀಗಾಯಿತು. ಮೂರನೆಯ ವರ್ಷ ನಾನು ಮನೆಗೆ ಬಂದು ನಿನ್ನ ಮುಂದೆ ಗೆದ್ದ ವಕೀಲನ ಹಾಗೆ ಕುರ್ಚಿ ಎಳೆದುಕೊಂಡು ಕೂತೆ. ಶಾಸ್ತ್ರದ ಪ್ರಕಾರ ಮೂರು ಸಲ ಕೇಳಿದ್ದೇನೆ, ಮೂರು ಸಲವೂ ಅವನು ಬಿಡಲಿಲ್ಲ, ಇನ್ನು ಪಾಪ ಅವನ ತಲೆಗೆ ಎಂದೆ. ನೀನು ಒಲೆ ಆರಿಸಿದೆ. "ಪಾಪ ಅವನ ತಲೆಗಾ?" ಎಂದು ನೀನು ಕೇಳಿದೆ. "ಹೌದು, ಪಾಪ," ಎಂದೆ ನಾನು, ಅಯ್ಯೋ ಪಾಪ ಎನ್ನುವ ದನಿಯಲ್ಲಿ ಎಳೆದು. ಆ ಶ್ಲೇಷೆಗೆ ನಗಲು ನೀನು ಕೋಣೆಯಲ್ಲಿರಲಿಲ್ಲ. ಸೂಟ್‌ಕೇಸ್ ಇಳಿಸುವ ಸದ್ದು ಕೇಳಿಸಿತು. ತಪ್ಪೊಪ್ಪಿಗೆಯಲ್ಲಿ ತಪ್ಪು ಮುಂದೆ, ಒಪ್ಪಿಗೆ ಹಿಂದೆ. ನಾನು ಒಂಬತ್ತು ವರ್ಷ ಆ ಎರಡರ ಸಂದಿಯಲ್ಲಿ ಅಡಗಿ ಕೂತವನು.

ಈ ಸಲ ಹಾಗಲ್ಲ. ಈ ಸಲ ಹಬ್ಬಕ್ಕೆ ಮುಂಚಿನ ಎಲುಲ್ ತಿಂಗಳಿಡೀ, ಬೆಳಗಿನ ಜಾವದ ಪ್ರಾರ್ಥನೆಗೆ ಹೋಗುವ ಮೊದಲು ಸ್ನಾನದ ಮನೆಯ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. "ತೌಫೀಕ್ ಭಾವ, ಆ ಪೂರಿಮ್ ದಿನ ನಾನು ನಿನ್ನ ದನಿ ಅಣಕಿಸಿದೆ." ಒಂದೇ ವಾಕ್ಯ. ಮೊದಲ ವಾರ ಆ ವಾಕ್ಯಕ್ಕೆ ನಾನೇ ಒಂದು ಹುಬ್ಬು ಸೇರಿಸುತ್ತಿದ್ದೆ, ಕೊನೆಯಲ್ಲಿ ಒಂದು ಸಣ್ಣ ನಗೆ. ಎರಡನೆಯ ವಾರ ಹುಬ್ಬು ಹೋಯಿತು, ಕಣ್ಣೀರು ಬಂತು. ಕಣ್ಣೀರು ಎಷ್ಟು ಚೆನ್ನಾಗಿ ಬಂತೆಂದರೆ, ಇದನ್ನು ಎಡಗಡೆಯಿಂದ ನೋಡಿದರೆ ಹೇಗೆ ಕಾಣಬಹುದೆಂದು ಮುಖ ತಿರುಗಿಸಿ ನೋಡಿಕೊಂಡೆ. ಆಗ ನನಗೆ ನಾನು ಕಂಡೆ, ಸಾರೀನಾ. ಅಳುತ್ತಿರುವ ಒಬ್ಬ ಮುದುಕ, ಅವನ ಪಕ್ಕದಲ್ಲಿ ಚಪ್ಪಾಳೆ ತಟ್ಟಲು ಕೈ ಎತ್ತಿ ಕಾಯುತ್ತಿರುವ ಇನ್ನೊಬ್ಬ. ಎರಡನೆಯವನನ್ನು ಹೊರಗೆ ಕಳಿಸಲು ನನಗೆ ಇವತ್ತಿನವರೆಗೂ ಆಗಿಲ್ಲ. ಈ ಸಾಲು ಬರೆಯುವಾಗಲೂ ಅವನು ಹೆಗಲ ಮೇಲಿಂದ ಬಗ್ಗಿ ಓದಿ, ಚೆನ್ನಾಗಿದೆ ಎನ್ನುತ್ತಿದ್ದಾನೆ.

ಸಾಕ್ಷಿಗಳನ್ನು ಆರಿಸುವುದರಲ್ಲೂ ಎಚ್ಚರ ವಹಿಸಿದೆ. ಹಳಬರು ಬೇಡ, ಅವರು ಅಂದು ನಕ್ಕವರು, ಪಕ್ಷಪಾತಿಗಳು. ಈಚಿನ ಐದಾರು ವರ್ಷದಲ್ಲಿ ನಮ್ಮ ಬೀದಿಗೆ ಬಂದ ಮೂವರನ್ನು ಹಿಡಿದೆ: ಸಭಾಮಂದಿರದ ಕಾವಲು ನೋಡಿಕೊಳ್ಳುವ ಷಬತಾಯ್, ಉಪ್ಪಿನಕಾಯಿ ಅಂಗಡಿಯ ಮುರಾದ್, ಕೆಳಮನೆಯ ಬ್ಯಾಂಕ್ ಗುಮಾಸ್ತ. ಗುಮಾಸ್ತ ಮಾತೇ ಆಡುವುದಿಲ್ಲ, ಸಾಕ್ಷಿಗೆ ಹೇಳಿ ಮಾಡಿಸಿದ ಹಾಗಿದ್ದಾನೆ. ಮುರಾದ್ ಮಾತ್ರ ದಾರಿಯುದ್ದಕ್ಕೂ ಗೊಣಗಿದ.

"ಮೇಷ್ಟ್ರೇ, ಹಬ್ಬದ ವಾರ, ವ್ಯಾಪಾರದ ಹೊತ್ತು. ಎಷ್ಟೊತ್ತು ಹಿಡಿಯತ್ತೆ ಪಶ್ಚಾತ್ತಾಪ?"

"ಮನುಷ್ಯನ ಮೇಲೆ ಹೋಗತ್ತೆ ಕಣೋ," ಎಂದ ಷಬತಾಯ್. "ನಿನ್ನದಾದ್ರೆ ನಾಲ್ಕು ದಿನ ಅಂಗಡಿ ಮುಚ್ಬೇಕು."

"ನನ್ನದೇನಿದೆ? ತೂಕದಲ್ಲಿ ಒಂದು ಚೂರು ಆಚೀಚೆ."

"ಹಾಗಾದ್ರೆ ಎಂಟು ದಿನ."

ಬಾಗಿಲು ತೆಗೆದವಳು ತೌಫೀಕನ ಮಗಳು ಮಝಾಲ್. ಗಂಡನ ಮನೆ ಬಿಟ್ಟು ಈಗ ಅಪ್ಪನ ಹತ್ತಿರವೇ ಇದ್ದಾಳೆ, ಪಾಪ. "ಬನ್ನಿ ಮಾವ," ಎಂದಳು, ಅಷ್ಟೇ, ನಗಲಿಲ್ಲ. ಆ ಹುಡುಗಿ ನನ್ನನ್ನು ಕಂಡು ನಕ್ಕು ಒಂಬತ್ತು ವರ್ಷವಾಯಿತು.

ಭಾವ ಕಿಟಕಿಯ ಪಕ್ಕ ಕೂತಿದ್ದ. ನೋಡಿದರೆ ನೀನು ಗುರುತು ಹಿಡಿಯುವುದಿಲ್ಲ. ಅಷ್ಟು ಎತ್ತರದ ಆಳು ಕೋಟಿನೊಳಗೆ ಎಲ್ಲೋ ಕಳೆದುಹೋಗಿದ್ದಾನೆ. ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ ಒಂದೊಂದಾಗಿ ಹಾಕುತ್ತಿದ್ದ. ಷಬತಾಯ್‌ನನ್ನು ತನ್ನ ಅಪ್ಪನೆಂದುಕೊಂಡು, "ಬಾಬಾ, ಯಾವಾಗ ಬಂದೆ ಅಲೆಪ್ಪೊದಿಂದ? ದಾರೀಲಿ ಚಳಿ ಇತ್ತಾ?" ಎಂದ. ಷಬತಾಯ್ ಒಂದು ಕ್ಷಣವೂ ತಡವರಿಸದೆ, "ಇತ್ತಪ್ಪ, ಕಂಬಳಿ ತಂದಿದ್ದೆ," ಎಂದ. ಒಳ್ಳೆಯ ಮನುಷ್ಯ. ಮುರಾದ್‌ನನ್ನು ಡಾಕ್ಟರೆಂದುಕೊಂಡು ನಾಲಿಗೆ ಚಾಚಿ ತೋರಿಸಿದ. ಮುರಾದ್ ಬಗ್ಗಿ ನೋಡಿ, "ಏನೂ ತೊಂದ್ರೆ ಇಲ್ಲ, ಉಪ್ಪು ಕಮ್ಮಿ ಮಾಡಿ," ಎಂದ. ಉಪ್ಪಿನಕಾಯಿಯವನ ಬಾಯಿಂದ ಆ ಮಾತು ಬಂದದ್ದೇ ಆ ದಿನದ ಮೊದಲ ಪವಾಡ.

ನನ್ನನ್ನು ಮಾತ್ರ ತಪ್ಪಾಗಿ ಗುರುತಿಸಲಿಲ್ಲ. ನೋಡಿದವನೇ ಗುಂಡಿ ಬಿಟ್ಟು, "ನೂರಿ," ಎಂದ. ಎದ್ದು ನಿಲ್ಲಲು ಹೋದ. ನಾನು ಹೋಗಿ ಎದುರಿಗೆ ಕೂತೆ. ಬಾಯಿ ತೆರೆದೆ.

ಆಮೇಲೆ ಆಗಬೇಕಾದ ಮಾತು ಆಯಿತು. ವಿವರ ಬೇಡ. ಆ ಪೂರಿಮ್ ಹಬ್ಬದ ಹೆಸರು ಬಂತು, ಆಡಿನ ಕೂಗಿನ ಮಾತು ಬಂತು. ಏನನ್ನೂ ಒಟ್ಟಾರೆ ಎಂದು ತೇಲಿಸಲಿಲ್ಲ. ಗಡ್ಡ, ವೇದಿಕೆ, ಪರದೆ, ಎಲ್ಲವನ್ನೂ ಬಿಡಿಬಿಡಿಯಾಗಿ ಹೆಸರಿಟ್ಟು ಹೇಳಿದ್ದಾಯಿತು. ಅಳು ಬಂತು, ಕೈ ಹಿಡಿದದ್ದಾಯಿತು. "ಕ್ಷಮಿಸಿದೆ" ಎಂಬ ಮಾತನ್ನು ಪದ್ಧತಿಯಂತೆ ಮೂರು ಸಲ, ಮೂವರೂ ಕಿವಿಯಾರೆ ಕೇಳಿದರು. ಮಾತಾಡದ ಗುಮಾಸ್ತ ಕೂಡ "ಆಮೆನ್" ಎಂದ. ಮೆಟ್ಟಿಲಿಳಿಯುವಾಗ ಷಬತಾಯ್ ನನ್ನ ತೋಳು ಹಿಡಿದು, "ಮೇಷ್ಟ್ರೇ, ಇಷ್ಟು ವರ್ಷ ಎಷ್ಟೊಂದು ಜನ ಎದೆ ಗುದ್ದಿಕೊಂಡು ಅಳೋದು ನೋಡಿದೀನಿ. ಇಂಥದ್ದು ನೋಡಿರ್ಲಿಲ್ಲ. ನಿಮ್ಮದು ದೊಡ್ಡ ಮನಸ್ಸು," ಎಂದ. ಮುರಾದ್ ಮೂಗು ಸೀದಿಕೊಂಡು, ನನ್ನ ಬೀಗನ ಹತ್ತಿರ ನಾನೂ ಹೋಗಿಬರುತ್ತೇನೆ, ಆದರೆ ಹಬ್ಬ ಕಳೆಯಲಿ ಎಂದ.

ಹಾಗಾಗಿ, ಸಾರೀನಾ, ಕೇಳುತ್ತಿದ್ದೇನೆ. ನಾಳೆ ಬೆಳಿಗ್ಗೆ ಮುರಾದನ ತಮ್ಮ ಆಲಿವ್ ಡಬ್ಬಿಗಳನ್ನು ಹಾಕಿಕೊಂಡು ಹೈಫಾಕ್ಕೆ ಬರುತ್ತಿದ್ದಾನೆ, ಈ ಕಾಗದ ಅವನ ಕೈಯಲ್ಲೇ ಕಳಿಸುತ್ತೇನೆ. ಮಂಗಳವಾರ ಮಧ್ಯಾಹ್ನದೊಳಗೆ ನೀನು ಇಲ್ಲಿಗೆ ತಲುಪಿದರೆ ಪ್ರಾಯಶ್ಚಿತ್ತದ ಉಪವಾಸಕ್ಕೆ ಮುಂಚಿನ ಊಟ ಒಟ್ಟಿಗೆ ಮಾಡಬಹುದು. ಅಕ್ಕಿ ತಂದಿಟ್ಟಿದ್ದೇನೆ. ಕೋಳಿ ಸಾರು ಮಾಡಲು ನನಗೆ ಈಗ ಬರುತ್ತದೆ, ಕೋಳಿ ಒಪ್ಪದಿದ್ದರೂ. ನಿನ್ನ ಕಡೆಯ ದಿಂಬಿಗೆ ಹೊಸ ಗವಸು ಹಾಕಿದ್ದೇನೆ. ಬೇರೇನೂ ಬದಲಾಗಿಲ್ಲ, ನಾನು ಸ್ವಲ್ಪ ಬದಲಾಗಿದ್ದೇನೆಂದು ನಂಬಿಕೊಂಡಿದ್ದೇನೆ. ನಿನಗೆ ಅರವತ್ತಾಯಿತು, ನನಗೆ ಅರವತ್ತಮೂರು. ಇನ್ನೊಂದು ವರ್ಷ ಕಾಯೋಣವೆನ್ನಲು ನಮ್ಮ ಹತ್ತಿರ ಎಷ್ಟು ವರ್ಷಗಳಿವೆಯೋ ನನಗೆ ತಿಳಿಯದು. ಬುಧವಾರ ಸಂಜೆ ಬಾಗಿಲು ಮುಚ್ಚುವ ಪ್ರಾರ್ಥನೆಯ ಹೊತ್ತಿಗೆ ಹೆಂಗಸರ ಕಡೆಯ ಪರದೆಯ ಹಿಂದೆ ನೀನಿದ್ದೀಯೆಂದು ಗೊತ್ತಿದ್ದರೆ ನನಗೆ ಸಾಕು.

ನನ್ನ ಜೀವಮಾನದಲ್ಲಿ ತಮಾಷೆಗೆ ಎಷ್ಟೋ ಮಾತು ತಿರುಚಿದ್ದೇನೆ, ಆದರೆ ನಿನಗೆ ಬರೆದ ಕಾಗದದಲ್ಲಿ ಒಂದು ಸುಳ್ಳನ್ನೂ ಬರೆದವನಲ್ಲ. ಮೇಲಿನದರಲ್ಲೂ ಇಲ್ಲ, ಬೇಕಾದರೆ ಒಂದೊಂದು ವಾಕ್ಯವನ್ನೂ ಸೋಸಿ ನೋಡು.

ಮೂರು ಚಮಚ ಮುರಬ್ಬದ ಅಪರಾಧಿ, ಇನ್ನೂ ನಿನ್ನ ಗಂಡ,
ನೂರಿ

ತಾ.ಕ.

ಸೋಸಬೇಡ. ನಾನೇ ಹೇಳುತ್ತೇನೆ.

ನಾನು ಬಾಯಿ ತೆರೆದೆನೆಂದು ಬರೆದೆನಲ್ಲ, ತೆರೆದದ್ದು ನಿಜ. ಮಾತು ಬಂದದ್ದು ಅವನ ಬಾಯಿಂದ. ನನ್ನ ಎರಡೂ ಕೈ ಹಿಡಿದುಕೊಂಡು ತೌಫೀಕ್ ಅಳತೊಡಗಿದ. "ನೂರಿ, ನಿನಗೆ ನಾನು ದೊಡ್ಡ ಅನ್ಯಾಯ ಮಾಡ್ಬಿಟ್ಟೆ ಕಣೋ," ಎಂದ. "ಆ ಪೂರಿಮ್ ದಿನ ಉಣ್ಣೆ ಗಡ್ಡ ಅಂಟಿಸ್ಕೊಂಡು, ವೇದಿಕೆ ಹತ್ತಿ, ತುಂಬಿದ ಸಭೇಲಿ ನಿನ್ನ ಥರ ಮೇ ಅಂದೆ. ಎಲ್ಲಾ ನಕ್ರು. ಪರದೆ ಹಿಂದೆ ನಿನ್ನ ಮನೆಯವರೂ ಕೂತಿದ್ರು. ಆಮೇಲೆ ನೀನು ಹಾಡ್ಲೇ ಇಲ್ಲ. ನಿನ್ನಂಥ ಕಂಠ ಯಾರಿಗಿತ್ತು?"

ಅವನ ತಲೆಯಲ್ಲಿ ಆ ದಿನ ಪೂರ್ತಿ ಉಳಿದಿದೆ, ಸಾರೀನಾ. ಒಂದು ಗುಂಡಿಯಷ್ಟೂ ಬಿಟ್ಟುಹೋಗಿಲ್ಲ. ಯಾರು ಮಾಡಿದ್ದು, ಯಾರಿಗೆ ಆದದ್ದು, ಅದೊಂದು ಅದಲುಬದಲಾಗಿದೆ. ಅವನು ಒಬ್ಬನೇ ಹೊತ್ತುಕೊಂಡಿದ್ದು ಸಾಲದೆ ಈಗ ನನ್ನ ಪಾಲಿನದನ್ನೂ ಹೊತ್ತುಕೊಂಡಿದ್ದಾನೆ. ಅವನು ಹೇಳುತ್ತಲೇ ಹೋದ. ನನಗೆ ಗೊತ್ತಿಲ್ಲದ್ದನ್ನೂ ಹೇಳಿದ. "ಸಂತೇಲಿ ಮಕ್ಕಳು ಮೇ ಅಂತ ಕೂಗಿದಾಗ ನೀನು ಸೌತೇಕಾಯಿ ಚೀಲ ಅಲ್ಲೇ ಬಿಟ್ಟು ಮನೆಗೆ ಓಡ್ದೆ. ಸ್ನಾನದ ಮನೇಲಿ ನಲ್ಲಿ ಜೋರಾಗಿ ಬಿಟ್ಕೊಂಡು, ನೀರಿನ ಸದ್ದಿನ ಒಳಗೆ ಮೆಲ್ಲಗೆ ಹಾಡಿ ನೋಡ್ತಿದ್ದೆ, ದನಿ ಇದೆಯೋ ಇಲ್ವೋ ಅಂತ. ಯಾರಿಗೂ ಗೊತ್ತಿಲ್ಲ ಅನ್ಕೊಂಡಿದ್ದೆ ನೀನು. ನನಗೆ ಗೊತ್ತು. ನನ್ನ ಕ್ಷಮಿಸ್ಬಿಡೋ."

ನಿನಗೆ ಗೊತ್ತಿತ್ತೇ, ನಲ್ಲಿಯ ವಿಷಯ?

ಮೂವರು ಸಾಕ್ಷಿಗಳೂ ನನ್ನ ಮುಖ ನೋಡಿದರು. ಅವರಿಗೇನು ಗೊತ್ತು, ಹೊಸಬರು. ಕ್ಷಮಿಸಬೇಕಾದವನು ನಾನೇ ಎಂದುಕೊಂಡರು. "ಅದು ನಾನು, ಭಾವ," ಎಂದರೆ ಮುಗಿಯುತ್ತಿತ್ತು. ಒಂದು ತಿಂಗಳು ಅಭ್ಯಾಸ ಮಾಡಿದ್ದೆ. ನಾನು ಅವನ ತಲೆಯ ಮೇಲೆ ಕೈಯಿಟ್ಟು, "ಕ್ಷಮಿಸಿದೆ," ಎಂದೆ. ಪದ್ಧತಿಯಂತೆ ಮೂರು ಸಲ. ಪ್ರತಿ ಸಲವೂ ದನಿ ಇನ್ನಷ್ಟು ಗಂಭೀರವಾಯಿತು. ಮೂರನೆಯ ಸಲ ಹೇಳುವ ಹೊತ್ತಿಗೆ ನನ್ನ ಎದೆ ನಿಜವಾಗಿಯೂ ಹಗುರವಾಗಿತ್ತು. ಅವನನ್ನು ಮನಸಾರೆ ಕ್ಷಮಿಸಿದ್ದೆ.

ಇವತ್ತು ಬೆಳಿಗ್ಗೆ ಒಬ್ಬನೇ ಹೋಗೋಣವೆಂದು ಅವನ ಬೀದಿಯ ತಿರುವಿನವರೆಗೆ ಹೋಗಿದ್ದೆ. ಕಿಟಕಿ ಕಾಣುತ್ತಿತ್ತು. ಹೇಳಿದರೆ ಅವನು ನಂಬುವುದಿಲ್ಲ, ನಂಬಿದರೂ ಸಂಜೆಯವರೆಗೆ ಉಳಿಯುವುದಿಲ್ಲ, ಉಳಿದರೆ ವಾಸಿಯಾದ ಗಾಯ ಕೆರೆದಂತೆ ಎಂದು ಮೂರು ಕಾರಣ ಕೊಟ್ಟುಕೊಂಡೆ. ಮೂರೂ ಚೆನ್ನಾಗಿದ್ದವು. ಎಳ್ಳು ಹಚ್ಚಿದ ಕಾಕ್ ಬ್ರೆಡ್ಡು ಕೊಂಡು ಮನೆಗೆ ಬಂದೆ. ಊಟಕ್ಕೆ ಬಾ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಬೇಕಿತ್ತು. ಹೊಡೆದಿಲ್ಲ.

ಇದನ್ನಾದರೂ ಪ್ರಾಮಾಣಿಕವಾಗಿ ಒಪ್ಪಿಕೊಂಡರಲ್ಲ ಎಂದು ನೀನು ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಅಂದುಕೊಳ್ಳುವ ಮೊದಲು ಹೇಳಿಬಿಡುತ್ತೇನೆ. ನಾನು ಕ್ಷಮಿಸುತ್ತಿರುವಾಗ ಮಝಾಲ್ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತಟ್ಟೆ ಕೆಳಗಿಡಲಿಲ್ಲ, ಮೂರನೆಯ ಸಲದವರೆಗೂ ನಿಂತು ಕೇಳಿ, ಕಾಫಿಯನ್ನು ಹಾಗೇ ಒಳಗೆ ವಾಪಸು ಒಯ್ದಳು. ಹಬ್ಬದ ಹಿಂದಿನ ದಿನ ಅವಳು ನಿನಗೆ ಫೋನ್ ಮಾಡುತ್ತಾಳೆ, ಪ್ರತಿವರ್ಷವೂ ಮಾಡುತ್ತಾಳೆ. ಆ ಹೊತ್ತಿಗೆ ಅವಳು ಅಡುಗೆಮನೆಯಲ್ಲೇ ಇದ್ದಿದ್ದರೆ, ಸಹಿಯ ಕೆಳಗೆ ನಾನು ಒಂದು ಅಕ್ಷರವನ್ನೂ ಬರೆಯುತ್ತಿರಲಿಲ್ಲ.